ಅರ್ಧಕುಕ್ಕುಟೀನ್ಯಾಯವೂ ಕೋಳಿಗಳ ವಸತಿಕ್ರಮಗಳೂ

ಶಾಸ್ತ್ರಗ್ರಂಥಗಳ ವ್ಯಾಖ್ಯಾನಪರಂಪರೆಯಲ್ಲಿ ಅರ್ಧಕುಕ್ಕುಟೀನ್ಯಾಯವೆಂಬ ಲೌಕಿಕನ್ಯಾಯವೊಂದುಂಟು. ಒಂದೇ ಹೇಂಟೆಯ ಒಂದು ಭಾಗವನ್ನು ಅಡುಗೆಗೆ ತೆಗೆದುಕೊಂಡು ಮತ್ತೊಂದು ಭಾಗವನ್ನು ಮೊಟ್ಟೆಯಿಡುವುದಕ್ಕೆ ಉಳಿಸಿಕೊಳ್ಳಬಹುದೆಂದು ಯಾವನಾದರೂ ಬಗೆದರೆ ಅದು ಹೇಗೆ ನಗೆಗೀಡಾಗುವುದೋ, ಹಾಗೆಯೇ ಒಂದು ಮತದಲ್ಲಿ ತನಗೆ ಅನುಕೂಲವಾದ ಅರ್ಧವನ್ನು ಒಪ್ಪಿ ಉಳಿದ ಅರ್ಧವನ್ನು ತಳ್ಳುವುದೂ ಅಯುಕ್ತವೆಂಬುದು ಇದರ ತಾತ್ಪರ್ಯ. ಈ ನ್ಯಾಯವನ್ನು ಪಾಠ ಹೇಳುವವರೂ ಕೇಳುವವರೂ ಅದನ್ನು ಅಸಂಭವಕ್ಕೆ ದೃಷ್ಟಾಂತವೆಂದೇ ತಿಳಿದು ಬಂದಿರುವರು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಕೋಳಿಸಾಕಣೆಯು ಮನೆಯ ಹಿತ್ತಿಲನ್ನು ಬಿಟ್ಟು ದೊಡ್ಡ ಉದ್ಯಮವಾದ ಮೇಲೆ ಈ ಅಸಂಭವವೇ ಒಂದು ಬಗೆಯಲ್ಲಿ ಸಂಭವವಾಯಿತು. ಮೊಟ್ಟೆಗೆಂದೇ ಒಂದು ತಳಿಯನ್ನೂ ಮಾಂಸಕ್ಕೆಂದೇ ಬೇರೊಂದು ತಳಿಯನ್ನೂ ಬೆಳೆಯಿಸಿ, ಒಂದು ಪಕ್ಷಿಜಾತಿಯನ್ನೇ ಎರಡಾಗಿ ಸೀಳಿದ್ದಾಯಿತು. ಸೀಳಿದ ಮೇಲೆ ಎರಡಕ್ಕೂ ಬೇರೆ ಬೇರೆ ವಸತಿಗಳು ಏರ್ಪಟ್ಟುವು.

ಆ ವಸತಿಗಳು ಯಾವುವು, ಅವುಗಳಲ್ಲಿ ಆ ಪ್ರಾಣಿಗೆ ಒದಗುವ ಸುಖದುಃಖಗಳು ಯಾವುವು, ಆ ಸುಖದುಃಖಗಳನ್ನು ಅರಿಯಲು ಪ್ರಮಾಣವೇನು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ. ವಿಷಯವು ಪಶುವೈದ್ಯಶಾಸ್ತ್ರಕ್ಕೆ ಸೇರಿದ್ದೆಂದು ಮೇಲುನೋಟಕ್ಕೆ ತೋರುವುದು. ಆದರೆ ಹಿಂಸೆ, ದಯೆ, ಬಂಧನ ಮೊದಲಾಗಿ ನಮ್ಮ ಕಾವ್ಯಶಾಸ್ತ್ರಗಳಲ್ಲಿ ನಿತ್ಯವೂ ಬರುವ ಪದಗಳ ಅರ್ಥನಿರ್ಣಯವು ಇದರಲ್ಲಿ ಅಡಗಿರುವುದರಿಂದ ಸಾಹಿತ್ಯವನ್ನು ಬೋಧಿಸುವವರಿಗೂ ಇದು ಹೊರಗಿನ ಮಾತಲ್ಲ.

೧. ಹೆಸರುಗಳಿಂದ ತಿಳಿಯುವ ಸ್ವಭಾವ

ಅಮರಸಿಂಹನು ಕೋಳಿಗೆ ನಾಲ್ಕು ಹೆಸರುಗಳನ್ನು ಹೇಳಿರುವನು: ಕೃಕವಾಕು, ತಾಮ್ರಚೂಡ, ಕುಕ್ಕುಟ, ಚರಣಾಯುಧ. ಕೃಕವೆಂದರೆ ಗಂಟಲು, ಗಂಟಲಿನಿಂದ ಉಲಿಯುವುದು ಕೃಕವಾಕು. ತಾಮ್ರವರ್ಣದ ಜುಟ್ಟುಳ್ಳದ್ದು ತಾಮ್ರಚೂಡ. ಕಾಲೇ ಆಯುಧವಾಗಿ ಉಳ್ಳದ್ದು ಚರಣಾಯುಧ. ಕುಕ್ಕುಟವೆಂಬುದು ಅದರ ದನಿಯ ಅನುಕರಣದಿಂದ ಹುಟ್ಟಿದ ಮಾತೆಂಬುದು ಕಿವಿಗೇ ತಿಳಿಯುವುದು. ಈ ನಾಲ್ಕರಲ್ಲಿ ಒಂದಾದರೂ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಕುರಿತದ್ದಲ್ಲವೆಂಬುದನ್ನು ಗಮನಿಸಬೇಕು. ಹಿಂದಿನವರು ಆ ಹಕ್ಕಿಯನ್ನು ಅದರ ಕೂಗು, ಜುಟ್ಟು, ಕಾಲುಗಳಿಂದ ಗುರುತಿಸಿದರೇ ಹೊರತು ಅದರಿಂದ ಮನುಷ್ಯನಿಗೆ ದೊರೆಯುವ ಲಾಭದಿಂದ ಗುರುತಿಸಲಿಲ್ಲ.

ವೈಯಾಕರಣರಿಗೂ ಕೋಳಿಯ ಕೂಗು ಉಪಕಾರಕವಾಯಿತು. ಪಾಣಿನಿಯು ಹ್ರಸ್ವ, ದೀರ್ಘ, ಪ್ಲುತಗಳೆಂಬ ಸಂಜ್ಞೆಗಳನ್ನು ಹೇಳುವ ಸೂತ್ರದಲ್ಲಿ ಇತರ ಸ್ವರಗಳನ್ನು ಬಿಟ್ಟು ಉಕಾರವನ್ನೇ ಏಕೆ ತೆಗೆದುಕೊಂಡನೆಂದರೆ, ಕೋಳಿಯ ಕೂಗಿನಲ್ಲಿ ಉಕಾರವು ಒಂದು ಮಾತ್ರೆ, ಎರಡು ಮಾತ್ರೆ, ಮೂರು ಮಾತ್ರೆಗಳಾಗಿ ಕ್ರಮದಿಂದ ಕೇಳಿಬರುವುದರಿಂದ ಎಂದು ಸಂಪ್ರದಾಯಜ್ಞರು ಸಮಾಧಾನ ಹೇಳುವರು. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ, ಊರಕೋಳಿಯು ಅಭಕ್ಷ್ಯವೆಂದೊಡನೆ ಕಾಡುಕೋಳಿಯು ಭಕ್ಷ್ಯವೆಂಬುದು ತಾನಾಗಿಯೇ ತಿಳಿಯುವುದೆಂದು ದೃಷ್ಟಾಂತ ಕೊಟ್ಟಿರುವನು. ಇದರಿಂದ ಗ್ರಾಮ್ಯ, ಆರಣ್ಯವೆಂಬ ಎರಡೇ ಬಗೆಯ ಕೋಳಿಗಳು ಆ ಕಾಲದ ಲೋಕವ್ಯವಹಾರದಲ್ಲಿದ್ದುವೆಂದು ಊಹಿಸಬಹುದು. ಇಂದು ಪಂಜರದಲ್ಲಿರುವ ಕೋಳಿಯು ಕಾಡಿನದೂ ಅಲ್ಲ, ಊರಿನ ಬೀದಿಯಲ್ಲಿ ಕೆದಕುವುದೂ ಅಲ್ಲ. ಅದು ಮೂರನೆಯ ಬಗೆಯದು.

ಈ ಮೂರನೆಯ ಬಗೆಗೂ ಮೂಲವು ಕಾಡೇ ಆಗಿರುವುದು. ಸಾಕುಕೋಳಿಯ ಮುಖ್ಯ ಪೂರ್ವಜವು ಕೆಂಪು ಕಾಡುಕೋಳಿ. ಅದು ಆಗ್ನೇಯ ಏಷ್ಯದ ಕಡೆ ಪಳಗಿದುದೆಂದು ೨೦೨೦ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯೊಂದು ತೋರಿಸಿತು. ಸಹ್ಯಾದ್ರಿಯ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯ ಅಂಶವೂ ಇದರಲ್ಲಿ ಬೆರೆತಿದೆ. ಸಾಕುಕೋಳಿಗಳ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶಗುಣವು ಆ ಜಾತಿಯಿಂದ ಬಂದುದೆಂದು ೨೦೦೮ರಲ್ಲಿ ಕಂಡುಬಂತು. ಕಾಡುಕೋಳಿಯು ಹಗಲೆಲ್ಲ ತರಗೆಲೆಗಳನ್ನು ಕೆದಕಿ ಆಹಾರವನ್ನು ಹೆಕ್ಕುವುದು. ಒಣಮಣ್ಣಿನಲ್ಲಿ ಹೊರಳಿ ಧೂಳಿಸ್ನಾನ ಮಾಡುವುದು. ಮೊಟ್ಟೆಯಿಡುವ ಮೊದಲು ಮರೆಯಾದ ಎಡೆಯನ್ನು ಹುಡುಕಿ ಗೂಡು ಮಾಡುವುದು. ಕತ್ತಲಾಗುತ್ತಲೇ ಕೊಂಬೆಯೇರಿ ಮಲಗುವುದು. ಇಡುವ ಮೊಟ್ಟೆಗಳು ವರ್ಷಕ್ಕೆ ಹತ್ತು ಹದಿನೈದು ಮಾತ್ರ. ಪಂಜರದ ಕೋಳಿಯು ವರ್ಷಕ್ಕೆ ಸುಮಾರು ಮುನ್ನೂರು ಮೊಟ್ಟೆಗಳನ್ನಿಡುವುದು. ಮೊಟ್ಟೆಯ ಸಂಖ್ಯೆ ಹೀಗೆ ಬದಲಾಯಿತಾದರೂ ಕೆದಕುವ, ಹೊರಳುವ, ಗೂಡುಮಾಡುವ, ಕೊಂಬೆಯೇರುವ ನಾಲ್ಕು ಪ್ರವೃತ್ತಿಗಳು ಮಾತ್ರ ಬದಲಾಗಲಿಲ್ಲ. ಮುಂದಿನ ವಿಚಾರವೆಲ್ಲವೂ ಇದರ ಮೇಲೆಯೇ ನಿಂತಿರುವುದು.

೨. ಹಿತ್ತಿಲಿನಿಂದ ಪಂಜರಕ್ಕೆ

ನಮ್ಮ ಹಳ್ಳಿಗಳಲ್ಲಿ ಕೋಳಿಯ ವಸತಿಯು ಬಹಳ ಸರಳವಾದದ್ದು. ರಾತ್ರಿ ಬುಟ್ಟಿಯನ್ನು ಕವುಚಿ ಹಾಕುವರು, ಇಲ್ಲವೆ ಮಣ್ಣಿನ ಗೂಡಿನಲ್ಲಿ ಕೂಡುವರು, ಬೆಳಗಾದೊಡನೆ ಬಿಡುವರು. ಅದು ತಿಪ್ಪೆಯನ್ನು ಕೆದಕಿ, ಕಣದ ಕಾಳನ್ನು ಹೆಕ್ಕಿ, ಅಟ್ಟದ ಮೇಲೋ ಬೇಲಿಯ ಸಂದಿಯಲ್ಲೋ ಮೊಟ್ಟೆಯಿಟ್ಟು, ಇಪ್ಪತ್ತೊಂದು ದಿನ ಕಾವು ಕೂತು ಮರಿಮಾಡುವುದು. ಹಾಗೆಂದು ಈ ಬಾಳನ್ನು ಕೇವಲ ಸುಖಮಯವೆಂದು ವರ್ಣಿಸುವುದು ಕವಿಸಮಯವಾದೀತೇ ಹೊರತು ಸತ್ಯವಾಗದು. ಹದ್ದು, ಮುಂಗುಸಿ, ಕಾಡುಬೆಕ್ಕುಗಳ ಭಯವು ಅದಕ್ಕೆ ಅನುದಿನವೂ ಉಂಟು. ಕೊಕ್ಕರೆ ರೋಗವು ಬಂದರೆ ಊರಿನ ಕೋಳಿಗಳೆಲ್ಲವೂ ಕೆಲವೇ ದಿನಗಳಲ್ಲಿ ಅಳಿಯುವುವು. ಈ ರೋಗಕ್ಕೆ ಕುಮಾವೂ ಪ್ರಾಂತದ ರಾಣಿಖೇತ್ ಎಂಬ ಊರಿನ ಹೆಸರೇ ನಿಂತಿರುವುದು.

ಕೋಳಿಯನ್ನು ವರ್ಷವಿಡೀ ಮನೆಯೊಳಗೇ ಇಡಲು ಮೊದಲು ಸಾಧ್ಯವಿರಲಿಲ್ಲ. ಬಿಸಿಲು ಕಾಣದ ಮರಿಗಳ ಕಾಲುಗಳು ಸೊಟ್ಟಗಾಗಿ ಅವು ಸಾಯುತ್ತಿದ್ದುವು. ೧೯೨೦ರ ದಶಕದಲ್ಲಿ ವಿಟಮಿನ್ ಡಿ ಎಂಬ ಜೀವಸತ್ತ್ವವು ಕಂಡುಬಂದು, ಅದನ್ನು ಮೀನೆಣ್ಣೆಯ ರೂಪದಲ್ಲಿ ಮೇವಿಗೆ ಸೇರಿಸತೊಡಗಿದ ಮೇಲೆ ಸೂರ್ಯನ ಸಹಾಯವಿಲ್ಲದೆಯೇ ಕೋಳಿಯನ್ನು ಬದುಕಿಸಬಹುದೆಂದಾಯಿತು. ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ತಂತಿಯ ಪಂಜರಗಳು ಇದರಿಂದಲೇ ಹಬ್ಬಿದುವು. ಇವನ್ನು ಬ್ಯಾಟರಿ ಪಂಜರಗಳೆನ್ನುವರು. ಇಲ್ಲಿ ಬ್ಯಾಟರಿಯೆಂದರೆ ವಿದ್ಯುತ್ತಿನ ಸಾಧನವಲ್ಲ. ಸಾಲಾಗಿ ಜೋಡಿಸಿದ ಸಮೂಹವೆಂದೇ ಅರ್ಥ.

ತಳಿಗಳೂ ಅದೇ ಕಾಲದಲ್ಲಿ ಬೇರೆಯಾದುವು. ಮೊಟ್ಟೆಗೆ ಬಿಳಿ ಲೆಗ್‌ಹಾರ್ನ್ ಮೊದಲಾದ ಹಗುರ ಮೈಯವೂ, ಮಾಂಸಕ್ಕೆ ಕಾರ್ನಿಷ್, ಪ್ಲಿಮತ್ ರಾಕ್ ತಳಿಗಳ ಸಂಕರದಿಂದ ಬಂದ ಭಾರದ ಮೈಯವೂ ಆಯ್ಕೆಯಾದುವು. ಮಾಂಸದ ಕೋಳಿಯು ಐದಾರು ವಾರಗಳಲ್ಲಿ ಎರಡು ಕಿಲೋಗ್ರಾಂ ತೂಗುವುದು. ಎಲುಬು ಬಲಿಯುವುದಕ್ಕೆ ಮೊದಲೇ ಮೈ ಬೆಳೆಯುವುದರಿಂದ ಎಷ್ಟೋ ಕೋಳಿಗಳು ಕುಂಟುವುವು. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಹುಂಜಮರಿಯಾದರೋ ಮೊಟ್ಟೆಯನ್ನೂ ಇಡದು, ಲಾಭ ಬರುವಷ್ಟು ಮಾಂಸವನ್ನೂ ಕೊಡದು. ಆದಕಾರಣ ಹುಟ್ಟಿದ ದಿನವೇ ಅದನ್ನು ಕೊಲ್ಲುವ ಪದ್ಧತಿಯು ಲೋಕದಲ್ಲೆಲ್ಲ ಹಬ್ಬಿತು. ಜರ್ಮನಿಯು ೨೦೨೨ರ ಮೊದಲಿನಿಂದ ಇದನ್ನು ನಿಷೇಧಿಸಿರುವುದು. ಕುಕ್ಕುಟಿಯನ್ನು ಅರ್ಧವಾಗಿಸಿದುದಕ್ಕೆ ತೆತ್ತ ಮೊದಲ ಬೆಲೆಯು ಇದೆಂದು ಹೇಳಬಹುದು.

೩. ವಸತಿಕ್ರಮಗಳ ವಿವರ

ಈಗ ನಡೆಯುತ್ತಿರುವ ವಸತಿಕ್ರಮಗಳನ್ನು ಸ್ಥೂಲವಾಗಿ ನಾಲ್ಕೆಂದು ಎಣಿಸಬಹುದು.

ಮೊದಲನೆಯದು ಬಯಲು ಸಾಕಣೆ. ರಾತ್ರಿ ತಂಗಲು ಮನೆಯಿದ್ದು ಹಗಲು ಹೊರಗೆ ಅಡ್ಡಾಡಲು ನೆಲವಿರುವುದು ಇದರ ಲಕ್ಷಣ. ಯೂರೋಪಿನ ಒಕ್ಕೂಟದ ನಿಯಮದಂತೆ ಇಲ್ಲಿ ಹೇಂಟೆಯೊಂದಕ್ಕೆ ನಾಲ್ಕು ಚದರ ಮೀಟರು ಬಯಲು ಇರಬೇಕು. ಭಾರತದ ಹಿತ್ತಿಲು ಸಾಕಣೆಯು ಇದಕ್ಕೆ ಹತ್ತಿರವಾದದ್ದು. ೨೦೧೯ರ ಜಾನುವಾರು ಗಣತಿಯಲ್ಲಿ ದೇಶದ ೮೫ ಕೋಟಿ ಸಾಕುಹಕ್ಕಿಗಳಲ್ಲಿ ಸುಮಾರು ೩೧.೭ ಕೋಟಿ ಹಿತ್ತಿಲಿನವೆಂದು ಕಂಡುಬಂದುವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ತಳಿಯು ಇಂತಹ ಸಾಕಣೆಗೆಂದೇ ಉದ್ದೇಶಿಸಲ್ಪಟ್ಟದ್ದು.

ಎರಡನೆಯದು ಆಳವಾದ ಹಾಸಿನ ಮನೆ. ನೆಲದ ಮೇಲೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ಮರದ ಪುಡಿ ಮುಂತಾದವನ್ನು ನಾಲ್ಕಾರು ಅಂಗುಲ ಹರಡಿ ಕೋಳಿಗಳನ್ನು ಅದರ ಮೇಲೆ ಬಿಡುವರು. ಹಿಕ್ಕೆಯು ಹಾಸಿನಲ್ಲಿ ಬೆರೆತು ಸೂಕ್ಷ್ಮಜೀವಿಗಳಿಂದ ಕೊಳೆತು ಗೊಬ್ಬರವಾಗುತ್ತ ಬರುವುದು. ಹಾಸನ್ನು ಆಗಾಗ ಕೆದರಿ ಒಣಗಿಸುತ್ತಿರಬೇಕು. ತೇವ ಹೆಚ್ಚಿದರೆ ಅಮೋನಿಯವೆಂಬ ಕಟುವಾದ ಅನಿಲವು ಎದ್ದು ಕಣ್ಣು, ಶ್ವಾಸನಾಳಗಳನ್ನು ಕೆಡಿಸುವುದು, ಅಂಗಾಲಿನಲ್ಲಿ ಹುಣ್ಣಾಗುವುದು, ಕರುಳಿನ ಪರೋಪಜೀವಿಗಳು ಹಿಕ್ಕೆಯಿಂದ ಬಾಯಿಗೆ ಸೇರಿ ರಕ್ತಭೇದಿಯನ್ನುಂಟುಮಾಡುವುವು. ಭಾರತದ ಮಾಂಸದ ಕೋಳಿಗಳು ಹೆಚ್ಚಾಗಿ ಈ ಕ್ರಮದಲ್ಲಿಯೇ ಬೆಳೆಯುವುವು.

ಮೂರನೆಯದು ತಂತಿಯ ಪಂಜರ. ಇಳಿಜಾರಾದ ತಂತಿಯ ನೆಲದ ಮೇಲೆ ಇಟ್ಟ ಮೊಟ್ಟೆಯು ತಾನಾಗಿ ಮುಂದಕ್ಕುರುಳುವುದು. ಹಿಕ್ಕೆಯು ಕಣ್ಣುಗಳ ಮೂಲಕ ಕೆಳಗೆ ಬೀಳುವುದು. ಮೇವು ನೀರುಗಳು ಎದುರಿಗೇ ಇರುವುವು. ತಮಿಳುನಾಡಿನ ನಾಮಕ್ಕಲ್ ಮೊದಲ್ಗೊಂಡು ಭಾರತದ ದೊಡ್ಡ ಮೊಟ್ಟೆಯ ಉದ್ಯಮವು ಬಹುಮಟ್ಟಿಗೆ ಈ ಕ್ರಮವನ್ನೇ ಅವಲಂಬಿಸಿರುವುದು.

ನಾಲ್ಕನೆಯದು ಇವೆರಡರ ಮಧ್ಯಮಮಾರ್ಗ. ಪಂಜರದೊಳಗೇ ಗೂಡು, ಕೂರುವ ಕೋಲು, ಕೆದಕಲು ಹಾಸು ಇವನ್ನಿಟ್ಟು ಹೇಂಟೆಯೊಂದಕ್ಕೆ ೭೫೦ ಚದರ ಸೆಂಟಿಮೀಟರು ಎಡೆ ಕೊಡುವುದು ಒಂದು ವಿಧ. ಪಂಜರವನ್ನೇ ಬಿಟ್ಟು ಮನೆಯೊಳಗೆ ಅಂತಸ್ತುಗಳನ್ನು ಕಟ್ಟಿ, ಚದರ ಮೀಟರಿಗೆ ಒಂಬತ್ತಕ್ಕೆ ಮೀರದಂತೆ ಹೇಂಟೆಗಳನ್ನು ಬಿಡುವುದು ಇನ್ನೊಂದು ವಿಧ. ಯೂರೋಪಿನ ೧೯೯೯ರ ನಿರ್ದೇಶವು ಈ ಅಳತೆಗಳನ್ನು ಗೊತ್ತುಮಾಡಿ, ಹೇಂಟೆಯೊಂದಕ್ಕೆ ಹದಿನೈದು ಸೆಂಟಿಮೀಟರು ಕೋಲು ಇರಬೇಕೆಂದೂ, ಬರಿಯ ತಂತಿಪಂಜರವು ೨೦೧೨ರ ಜನವರಿ ೧ರಿಂದ ನಿಲ್ಲಬೇಕೆಂದೂ ವಿಧಿಸಿತು.

ಯಾವ ಕ್ರಮವಾದರೂ ಉಷ್ಣದೇಶದಲ್ಲಿ ಮನೆಯ ದಿಕ್ಕು ಮುಖ್ಯ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ; ಸೆಕೆಯನ್ನು ಏದುಸಿರಿನಿಂದಲೇ ಕಳೆಯಬೇಕು. ಆದುದರಿಂದ ಮನೆಯನ್ನು ಪೂರ್ವಪಶ್ಚಿಮವಾಗಿ ಉದ್ದಕ್ಕೆ ಕಟ್ಟಿ, ಪಕ್ಕಗಳಿಗೆ ಗೋಡೆಯ ಬದಲು ಜಾಲರಿಯನ್ನು ಹಾಕಿ, ಸೂರನ್ನು ಮುಂಚಾಚಿ, ಮಾಡಿಗೆ ಸುಣ್ಣ ಬಳಿಯುವರು.

೪. ಕ್ಷೇಮದ ಲಕ್ಷಣ

ಇಂಗ್ಲೆಂಡಿನಲ್ಲಿ ರೂತ್ ಹ್ಯಾರಿಸನ್ ಎಂಬಾಕೆಯು ೧೯೬೪ರಲ್ಲಿ ಪ್ರಾಣಿಗಳನ್ನು ಯಂತ್ರಗಳಂತೆ ನಡೆಸಿಕೊಳ್ಳುವುದನ್ನು ಖಂಡಿಸಿ ಗ್ರಂಥವೊಂದನ್ನು ಪ್ರಕಟಿಸಿದಳು. ಅದರಿಂದ ಎದ್ದ ಕೋಲಾಹಲವನ್ನು ಕಂಡು ಅಲ್ಲಿನ ಸರ್ಕಾರವು ಪ್ರಾಣಿಶಾಸ್ತ್ರಜ್ಞನಾದ ಬ್ರ್ಯಾಂಬೆಲ್ ಎಂಬುವನ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಪ್ರಾಣಿಯು ನಿಲ್ಲುವುದಕ್ಕೆ, ಮಲಗುವುದಕ್ಕೆ, ತಿರುಗುವುದಕ್ಕೆ, ಮೈ ತೀಡಿಕೊಳ್ಳುವುದಕ್ಕೆ, ಅಂಗಗಳನ್ನು ಚಾಚುವುದಕ್ಕೆ ಆಸ್ಪದವಿರಬೇಕೆಂದು ಆ ಸಮಿತಿಯು ೧೯೬೫ರಲ್ಲಿ ವರದಿ ಮಾಡಿತು. ಮುಂದೆ ಇದೇ ವಿಸ್ತಾರಗೊಂಡು ಐದು ಸ್ವಾತಂತ್ರ್ಯಗಳೆಂದು ಪ್ರಸಿದ್ಧವಾಯಿತು. ಹಸಿವು ಬಾಯಾರಿಕೆಗಳಿಂದ, ವಸತಿಯ ಅಸೌಖ್ಯದಿಂದ, ನೋವು ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ. ಸ್ವಜಾತಿಸಹಜವಾದ ವರ್ತನೆಗೆ ಅವಕಾಶ: ಇವೇ ಆ ಐದು.

ಇವನ್ನು ಓದುವ ಪಂಡಿತರಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನೆನಪಾಗದೆ ಇರದು. ಅಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಎಂಬವೇ ಅವು. ಕರ್ಣಾಟಕದ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂದರೆ ಪ್ರಾಣಿಯು ತನಗೆ ಇಷ್ಟವಾದೆಡೆಗೆ ಹೋಗುವುದನ್ನು ತಡೆಯುವ ಕಾರಣವೆಂದು ವಿವರಿಸಿರುವರು. ಹಗ್ಗವೇ ಬಂಧವೆಂದು ಅವರು ಹೇಳಲಿಲ್ಲವೆಂಬುದು ಗಮನಾರ್ಹ. ಪ್ರಾಣಿಯ ಇಷ್ಟವನ್ನೇ ಲಕ್ಷಣದೊಳಗೆ ಸೇರಿಸಿರುವುದರಿಂದ ಪಂಜರವೂ ಈ ಲಕ್ಷಣಕ್ಕೆ ಒಳಪಡುವುದು.

ಉಳಿದ ಅತಿಚಾರಗಳನ್ನೂ ಇಂದಿನ ಸಾಕಣೆಯಲ್ಲಿ ಗುರುತಿಸಬಹುದು. ಒಂದನ್ನೊಂದು ಕುಕ್ಕದಿರಲೆಂದು ಮರಿಯ ಕೊಕ್ಕಿನ ತುದಿಯನ್ನು ಸುಟ್ಟು ಕತ್ತರಿಸುವುದು ಛೇದ. ಕೊಕ್ಕು ಉಗುರಿನಂತೆ ಜಡವಲ್ಲ, ಅದರಲ್ಲಿ ನರಗಳುಂಟು. ಮೊಟ್ಟೆ ಕಡಮೆಯಾದ ಹೇಂಟೆಯನ್ನು ಕೆಲವು ದಿನ ಉಪವಾಸಕ್ಕೆ ಕೆಡಹಿ ಗರಿಯುದುರಿಸಿ, ಮತ್ತೆ ಮೊಟ್ಟೆಗೆ ತರುವುದು ಅನ್ನಪಾನನಿರೋಧ. ಭಾರಾರೋಪಣವು ಬೆನ್ನಿನ ಮೇಲೆಯೇ ಆಗಬೇಕೆಂಬ ನಿಯಮವಿಲ್ಲವೆಂದು ಒಪ್ಪಿದರೆ, ಮುನ್ನೂರು ಮೊಟ್ಟೆಗಳ ಹೊರೆಯೂ ಅತಿಭಾರವೇ. ಒಂದೊಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣದಂಶವು ಬೇಕು. ಮೇವಿನಲ್ಲಿ ಸಾಲದಿದ್ದಾಗ ಮೈಯು ಅದನ್ನು ಎಲುಬಿನಿಂದಲೇ ತೆಗೆಯುವುದು. ನಡೆದಾಡದ ಹೇಂಟೆಯ ಎಲುಬು ಇದರಿಂದ ಇನ್ನಷ್ಟು ಬಡಕಲಾಗಿ ಮುರಿಯುವುದು.

೫. ಕೋಳಿಯನ್ನೇ ಕೇಳುವ ಪ್ರಮಾಣ

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಪರರ ಸುಖದುಃಖಗಳು ಪ್ರತ್ಯಕ್ಷವಲ್ಲ. ಮೂಕಪ್ರಾಣಿಯದಂತೂ ಶಬ್ದಪ್ರಮಾಣಕ್ಕೂ ದೂರ. ಹೀಗಿರುವಲ್ಲಿ ಮನುಷ್ಯನು ತನ್ನ ಮನಸ್ಸನ್ನು ಕೋಳಿಯ ಮೇಲೆ ಆರೋಪಿಸುವನಲ್ಲದೆ ಬೇರೇನು ಮಾಡುವನು? ಕೋಳಿಯನ್ನು ಕೇಳಿ ಮಸಾಲೆ ಅರೆಯುವರೇ ಎಂಬ ಗಾದೆಯೂ ಈ ಪಕ್ಷಕ್ಕೆ ಒತ್ತಾಸೆಯಾಗಿರುವುದು.

ಈ ಆಕ್ಷೇಪವು ನಿರಾಧಾರವಾದದ್ದಲ್ಲ. ಬ್ರ್ಯಾಂಬೆಲ್ ಸಮಿತಿಯವರೇ ಆರು ಮೂಲೆಯ ಸಣ್ಣ ತಂತಿಯ ಜಾಲರಿಯು ಕೋಳಿಯ ಕಾಲಿಗೆ ನೋವುಂಟುಮಾಡುವುದೆಂದು ಬಗೆದು ಅದು ಕೂಡದೆಂದಿದ್ದರು. ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ೧೯೭೩ರಲ್ಲಿ ಬೇರೆ ಬೇರೆ ನೆಲಗಳನ್ನು ಹೇಂಟೆಗಳ ಮುಂದಿಟ್ಟು ನೋಡಿದಾಗ, ಸಮಿತಿಯು ತಳ್ಳಿದ ಆ ಜಾಲರಿಯನ್ನೇ ಅವು ಮೆಚ್ಚಿದುವು. ಅಂಗಾಲಿಗೆ ಅದರಲ್ಲಿ ಹೆಚ್ಚು ಕಡೆ ಆಧಾರ ಸಿಕ್ಕುತ್ತಿದ್ದುದೇ ಕಾರಣವೆಂದು ಊಹಿಸಲಾಯಿತು. ದಯೆಯುಳ್ಳವರೂ ದಯೆಯಿಂದಲೇ ತಪ್ಪಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆದರೆ ಇದೇ ನಿದರ್ಶನವು ಪೂರ್ವಪಕ್ಷವನ್ನೂ ಖಂಡಿಸುವುದು. ಕೋಳಿಯನ್ನು ಕೇಳಬಹುದು, ಅದು ಉತ್ತರವನ್ನೂ ಕೊಡುವುದು ಎಂಬುದು ಇದರಿಂದ ಸಿದ್ಧವಾಯಿತು. ಮುಂದೆ ಈ ಪ್ರಮಾಣವು ಬೆಳೆಯಿತು. ಮೊಟ್ಟೆಯಿಡುವ ಹೊತ್ತು ಸಮೀಪಿಸಿದ ಹೇಂಟೆಯು ಗೂಡನ್ನು ಸೇರುವುದಕ್ಕೆ ಭಾರ ಹೇರಿದ ಬಾಗಿಲನ್ನೂ ತಳ್ಳಿಕೊಂಡು ಹೋಗುವುದೆಂದು ಕಂಡುಬಂತು. ಗೂಡಿಲ್ಲದ ಪಂಜರದಲ್ಲಿ ಅದು ಆ ಹೊತ್ತಿಗೆ ನಿಂತಲ್ಲಿ ನಿಲ್ಲದೆ ಹಿಂದೆಮುಂದೆ ಸುಳಿಯುವುದು. ಧೂಳಿಲ್ಲದ ತಂತಿಯ ಮೇಲೆಯೂ ಹೇಂಟೆಯು ಕುಳಿತು, ರೆಕ್ಕೆ ಬಡಿದು, ಹೊರಳಿ, ಧೂಳಿಸ್ನಾನದ ಕ್ರಿಯೆಗಳನ್ನೆಲ್ಲ ಮಾಡುವುದು. ಸಾಮಗ್ರಿಯಿಲ್ಲದೆಯೂ ಕ್ರಿಯೆಯು ನಡೆಯುವುದೆಂದರೆ ಆ ಪ್ರವೃತ್ತಿಯು ಸಂಸ್ಕಾರರೂಪವಾಗಿ ಒಳಗೇ ಇದೆಯೆಂದು ಒಪ್ಪಲೇಬೇಕು.

ಎಡೆಯ ವಿಷಯದಲ್ಲಿಯೂ ಅಳತೆಗಳು ದೊರೆತಿರುವುವು. ಡಾಕಿನ್ಸ್ ಮತ್ತು ಹಾರ್ಡಿ ಎಂಬುವರು ೧೯೮೯ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೇಂಟೆಯು ಸುಮ್ಮನೆ ನಿಂತರೆ ಸುಮಾರು ೪೭೫ ಚದರ ಸೆಂಟಿಮೀಟರು ಬೇಕು. ತಿರುಗಿದರೆ ಸುಮಾರು ೧,೨೭೦. ರೆಕ್ಕೆ ಬಡಿದರೆ ಸುಮಾರು ೧,೯೦೦. ಬರೆಯುವುದಕ್ಕೆ ಉಪಯೋಗಿಸುವ ಎ-೪ ಅಳತೆಯ ಹಾಳೆಯೇ ಸುಮಾರು ೬೨೪ ಚದರ ಸೆಂಟಿಮೀಟರು. ಯೂರೋಪಿನಲ್ಲಿ ನಿಷೇಧಕ್ಕೆ ಮೊದಲು ತಂತಿಪಂಜರಕ್ಕೆ ಗೊತ್ತಾಗಿದ್ದ ಎಡೆಯು ಹೇಂಟೆಯೊಂದಕ್ಕೆ ೫೫೦. ಆ ಅಳತೆಯಲ್ಲಿ ನಿಲ್ಲಬಹುದು. ಪಕ್ಕದ ಹೇಂಟೆಯನ್ನು ನೂಕಿ ತಿರುಗಬಹುದು. ರೆಕ್ಕೆಯನ್ನು ಬಡಿಯುವುದಂತೂ ಸಾಧ್ಯವಿಲ್ಲ.

೬. ಪಂಜರದ ಗುಣಗಳೂ ಸಿದ್ಧಾಂತವೂ

ಪಂಜರವಾದಿಗಳ ಪಕ್ಷವನ್ನು ಕಡೆಗಣಿಸುವುದು ನ್ಯಾಯವಲ್ಲ. ಪಂಜರದಲ್ಲಿ ಹಕ್ಕಿಯು ಹಿಕ್ಕೆಯಿಂದ ದೂರವಿರುವುದರಿಂದ ರಕ್ತಭೇದಿಯೂ ಜಂತುಗಳೂ ಬಹಳ ಕಡಮೆ. ಮೊಟ್ಟೆಯು ಶುಚಿಯಾಗಿರುವುದು. ನಾಲ್ಕೈದೇ ಹಕ್ಕಿಗಳು ಜೊತೆಗಿರುವುದರಿಂದ, ಸಾವಿರಾರು ಹೇಂಟೆಗಳ ದೊಡ್ಡಿಗಳಲ್ಲಿ ಕೆಲವೊಮ್ಮೆ ತಲೆದೋರುವ ಪರಸ್ಪರ ಕುಕ್ಕಿ ಕೊಲ್ಲುವ ಚಾಳಿಯು ಇಲ್ಲಿ ಕಡಮೆ. ಅಂತಸ್ತಿನ ಮನೆಗಳಲ್ಲಿ ಹಾರಿ ಬಿದ್ದು ಎದೆಯೆಲುಬು ಮುರಿಯುವ ಹೇಂಟೆಗಳೂ ಹಲವು. ಬಯಲಿನ ಕೋಳಿಗೆ ವಲಸೆಹಕ್ಕಿಗಳಿಂದ ಹಕ್ಕಿಜ್ವರವು ತಗುಲುವ ಭಯ ಹೆಚ್ಚು. ಎಲ್ಲಕ್ಕಿಂತ ಮೇಲಾಗಿ ಪಂಜರದ ಮೊಟ್ಟೆಯ ಬೆಲೆ ಕಡಮೆ. ಕರ್ಣಾಟಕದ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನು ಕೊಡುವ ಏರ್ಪಾಡಾಗಿರುವುದು. ಬೆಲೆ ಏರಿದರೆ ಅದರ ಭಾರವು ಮೊದಲು ಬೀಳುವುದು ಬಡಮಕ್ಕಳ ತಟ್ಟೆಯ ಮೇಲೆ. ಈ ಮಾತನ್ನು ಮರೆತು ದಯೆಯನ್ನು ಬೋಧಿಸುವುದು ಸುಲಭವಾದರೂ ಉಚಿತವಲ್ಲ.

ಇವನ್ನೆಲ್ಲ ಒಪ್ಪಿಯೂ ಒಂದು ಭೇದವನ್ನು ಎಣಿಸಬೇಕಾಗುವುದು. ದೋಷಗಳು ಆಗಂತುಕವೆಂದೂ ಸ್ವಾಭಾವಿಕವೆಂದೂ ಎರಡು ಬಗೆ. ಹಾಸಿನ ತೇವ, ಜಂತು, ಕುಕ್ಕುವಿಕೆ ಇವು ಆಗಂತುಕಗಳು. ಹಾಸನ್ನು ಒಣಗಿಸುವುದರಿಂದ, ಲಸಿಕೆಯಿಂದ, ಶಾಂತಸ್ವಭಾವದ ತಳಿಯನ್ನು ಆರಿಸುವುದರಿಂದ, ಕೆದಕಲು ಸಾಕಷ್ಟು ಒದಗಿಸುವುದರಿಂದ ಅವನ್ನು ತಗ್ಗಿಸಬಹುದು. ಬರಿಯ ತಂತಿಪಂಜರದಲ್ಲಿಯಾದರೋ ಗೂಡಿಲ್ಲ, ಧೂಳಿಲ್ಲ, ಕೋಲಿಲ್ಲ, ಕೆದಕಲು ನೆಲವಿಲ್ಲ. ಎಷ್ಟು ನಿಪುಣನಾದ ಸಾಕಣೆಗಾರನೂ ಅದನ್ನು ತಿದ್ದಲಾರನು. ತಿದ್ದಿದರೆ ಅದು ಬರಿಯ ಪಂಜರವಾಗಿ ಉಳಿಯದು. ಈ ದೋಷವು ಸ್ವಾಭಾವಿಕ. ಆಗಂತುಕ ದೋಷವುಳ್ಳ ಕ್ರಮವನ್ನು ಪರಿಷ್ಕರಿಸಬೇಕು, ಸ್ವಾಭಾವಿಕ ದೋಷವುಳ್ಳದ್ದನ್ನು ಕ್ರಮಕ್ರಮವಾಗಿ ಬಿಡಬೇಕು ಎಂಬುದೇ ಇಲ್ಲಿ ಸಿದ್ಧಾಂತವಾಗುವುದು. ಕ್ರಮಕ್ರಮವಾಗಿ ಎಂಬ ಮಾತು ಮುಖ್ಯ. ಯೂರೋಪು ತನ್ನ ಸಾಕಣೆಗಾರರಿಗೆ ೧೯೯೯ರಿಂದ ಹನ್ನೆರಡು ವರ್ಷಗಳಿಗೂ ಹೆಚ್ಚಿನ ಅವಧಿಯನ್ನು ಕೊಟ್ಟಿತು.

ಭಾರತದ ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಹನ್ನೊಂದನೆಯ ಪ್ರಕರಣದಲ್ಲಿ, ಚಲಿಸುವುದಕ್ಕೆ ಸಾಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ಅಪರಾಧವೆಂದು ಹೇಳಿದೆ. ಮೊದಲ ಅಪರಾಧಕ್ಕೆ ಅದು ವಿಧಿಸಿದ ದಂಡವು ಹತ್ತರಿಂದ ಐವತ್ತು ರೂಪಾಯಿಗಳು. ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ಜಲ್ಲಿಕಟ್ಟನ್ನು ಕುರಿತ ತೀರ್ಪಿನಲ್ಲಿ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಮೊಟ್ಟೆಯ ಮತ್ತು ಮಾಂಸದ ಕೋಳಿಗಳ ವಸತಿ ಸಾಗಾಟಗಳನ್ನು ಕುರಿತೇ ಕಾನೂನು ಆಯೋಗವು ೨೦೧೭ರಲ್ಲಿ ತನ್ನ ೨೬೯ನೆಯ ವರದಿಯನ್ನು ಸಲ್ಲಿಸಿತು. ಕೇಂದ್ರ ಸರ್ಕಾರವು ೨೦೧೯ರಲ್ಲಿ ಪ್ರಕಟಿಸಿದ ಕರಡಿನಲ್ಲಿ ಹೇಂಟೆಯೊಂದಕ್ಕೆ ೫೫೦ ಚದರ ಸೆಂಟಿಮೀಟರು ಎಂದಿತ್ತು. ಯೂರೋಪು ೨೦೧೨ರಲ್ಲಿ ಕೈಬಿಟ್ಟ ಪಂಜರದ ಅಳತೆಯೂ ಅದೇ ಎಂಬುದನ್ನು ಮೇಲೆ ಹೇಳಿದೆ.

೭. ಸಂಕಲ್ಪಹಿಂಸೆಯೂ ಅದರ ವಿಪರೀತವೂ

ಕನ್ನಡದಲ್ಲಿ ಕೋಳಿಯನ್ನು ಕುರಿತು ಹಿಂಸೆಯ ಸೂಕ್ಷ್ಮವನ್ನು ವಿಚಾರಿಸಿದ ಕಾವ್ಯವು ಜನ್ನನ ಯಶೋಧರಚರಿತೆ. ಕ್ರಿ. ಶ. ೧೨೦೯ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು, ಜೀವವಧೆಗೆ ಅಂಜಿ, ಹಿಟ್ಟಿನ ಕೋಳಿಯನ್ನು ಬಲಿಕೊಡುವನು. ಜೀವವಿಲ್ಲದ್ದನ್ನು ಕಡಿದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ತಾಯಿಮಕ್ಕಳು ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುವರು; ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ, ಧರ್ಮವನ್ನು ಕೇಳಿ, ದೊರೆಯ ಬಾಣಕ್ಕೆ ಸಿಕ್ಕಿ, ಆ ಮೇಲೆ ಮನುಷ್ಯಜನ್ಮವನ್ನು ಪಡೆಯುವರು. ಅಲ್ಲಿ ಜೀವವಿರಲಿಲ್ಲ, ಸಂಕಲ್ಪವಿದ್ದಿತು.

ಇಂದಿನ ಪಂಜರದಲ್ಲಿ ಇದರ ವಿಪರೀತವು ಕಾಣುವುದು. ಇಲ್ಲಿ ಜೀವವಿದೆ, ಸಂಕಲ್ಪವಿಲ್ಲ. ಪಂಜರವನ್ನು ಮಾಡಿದವನು ಕೋಳಿಗೆ ನೋವಾಗಲೆಂದು ಮಾಡಲಿಲ್ಲ. ಸಾಲಮಾಡಿ ಅದನ್ನು ಕೊಂಡ ರೈತನೂ ಹಾಗೆ ಬಯಸಲಿಲ್ಲ. ಮೊಟ್ಟೆಯನ್ನು ಕೊಂಡವನಿಗೆ ಪಂಜರದ ನೆನಪೇ ಇಲ್ಲ. ಸಂಕಲ್ಪವು ಯಾರಲ್ಲಿಯೂ ಇಲ್ಲದೆ ದುಃಖವು ಮಾತ್ರ ಕೋಟಿಗಟ್ಟಲೆ ಜೀವಗಳಲ್ಲಿ ಇರುವುದು. ಸಂಕಲ್ಪವೊಂದನ್ನೇ ಹಿಂಸೆಯ ಲಕ್ಷಣವಾಗಿ ಮಾಡಿದರೆ ಇದಕ್ಕೆ ಹೊಣೆ ಯಾರೂ ಅಲ್ಲವೆಂದಾಗುವುದು. ಆದರೆ ಉಮಾಸ್ವಾತಿಯೇ ಹಿಂಸೆಯನ್ನು ಲಕ್ಷಿಸುವಾಗ ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಹೇಳಿರುವನು. ಹಿಟ್ಟಿನ ಕೋಳಿಯದು ಸಂಕಲ್ಪದ ದೋಷ. ತಂತಿಯ ಪಂಜರದ್ದು ಪ್ರಮಾದದ ದೋಷ. ಪ್ರಮಾದಕ್ಕೆ ಪರಿಹಾರವು ಅರಿವೇ ಆಗಿರುವುದರಿಂದ ಕೋಳಿಯ ಸ್ವಭಾವವನ್ನು ತಿಳಿಯುವುದೂ ಅಹಿಂಸೆಯ ಒಂದು ಅಂಗವಾಗುವುದು.

ಆದಕಾರಣ ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಪ್ರಾಣಿದಯೆಯೆಂಬುದಕ್ಕಿಂತ ಪ್ರಾಣಿಕ್ಷೇಮವೆಂಬ ಹೆಸರೇ ಯುಕ್ತವೆಂದು ತೋರುವುದು. ದಯೆಯು ಮನುಷ್ಯನ ಚಿತ್ತವೃತ್ತಿ. ಅದು ಜಾಲರಿಯ ವಿಷಯದಲ್ಲಿ ಸಮಿತಿಗೆ ಒದಗಿದಂತೆ ತಪ್ಪಲೂಬಹುದು. ಕ್ಷೇಮವಾದರೋ ಪ್ರಾಣಿಯಲ್ಲಿಯೇ ಇರತಕ್ಕದ್ದು. ಅಲ್ಲಿಯೇ ಅದನ್ನು ಪರೀಕ್ಷಿಸಿ ನೋಡಬೇಕಾದದ್ದು.

ಅರ್ಧಕುಕ್ಕುಟೀನ್ಯಾಯವನ್ನು ಪಾಠ ಹೇಳುವಾಗ ಅಧ್ಯಾಪಕರು ಈ ಅರ್ಥಾಂತರವನ್ನೂ ಸೂಚಿಸಬಹುದು. ತಳಿಯನ್ನು ಎರಡು ಮಾಡಿದ್ದರಿಂದ ನ್ಯಾಯವು ಸುಳ್ಳಾಗಲಿಲ್ಲ. ಪಂಜರವು ಹೇಂಟೆಯ ಅಂಡಾಶಯವನ್ನು ಮಾತ್ರ ಉಳಿಸಿಕೊಂಡು ಕೆದಕುವ ಕಾಲನ್ನೂ ಬಡಿಯುವ ರೆಕ್ಕೆಯನ್ನೂ ಹೆಕ್ಕುವ ಕೊಕ್ಕನ್ನೂ ಬೇಡವೆಂದಿತು. ಅಮರಸಿಂಹನು ಹೆಸರಿಟ್ಟದ್ದು ಆ ಕಾಲಿಗೆ. ಬೇಡವೆಂದರೂ ಆ ಕಾಲು ತಂತಿಯ ಮೇಲೆ ಕೆದಕುವುದನ್ನು ಬಿಟ್ಟಿಲ್ಲ. ಕುಕ್ಕುಟಿಯು ಅಂದಿನಂತೆ ಇಂದೂ ಒಂದೇ ಆಗಿರುವುದು.